ಏಳನೇ ಡಬ್ಬಿ

ಹತ್ತೊಂಬತ್ತು ಡಬ್ಬಿಗಳು. ಬುತ್ತಿಯ ಡಬ್ಬಿಯಷ್ಟೇ ದೊಡ್ಡವು,
ಒಳಗೆ ಅನ್ನವಿಲ್ಲ: ಒಂದು ಬ್ಯಾಟರಿ, ಒಂದು ಪುಟ್ಟ ಮೋಟಾರು,
ನೆತ್ತಿಯ ಮೇಲೆ ಹಸಿರು ದೀಪ.
ಬೆಂಗ್ರೆಯ ದಡದಿಂದ ಒಂದೊಂದೇ ನೀರಿಗಿಟ್ಟೆವು
ನಾನು, ರಮ್ಲತ್, ಮತ್ತು ಮೊಣಕಾಲವರೆಗೆ ಪ್ಯಾಂಟು ಮಡಚಿದ
ಪ್ರಯೋಗಾಲಯದ ಹುಡುಗ ಗ್ಲ್ಯಾನಿಶ್.
ಅಳಿವೆ ಬಾಗಿಲಲ್ಲಿ ಹೂಳು ಎಲ್ಲಿ ಕೂತಿದೆಯೆಂದು
ತಿಳಿದು ಬರಬೇಕಿತ್ತು ಅವು, ದೋಣಿ ಮಗುಚುವ ಮುಂಚೆ.

ದೂಜ ಪುತ್ರನ್ ಬಲೆಯ ಹರಕು ಹೊಲಿಯುವುದು ನಿಲ್ಲಿಸಿ ಕೇಳಿದರು:
"ಇದರಲ್ಲಿ ತಂಡೇಲ ಯಾವುದು?"
ತಂಡೇಲನಿಲ್ಲ ಎಂದೆ.
"ನಕ್ಷೆ?"
ಅದೂ ಇಲ್ಲ.
"ಮತ್ತೆ ಎಂಥ ಉಂಟು ಮಾರಾಯ್ತಿ?"

ಉಂಟು, ಒಂದು ಚೂರು ಬುದ್ಧಿ. ಅದೂ ಕದ್ದದ್ದು.
ಬಿಜೈಯ ಬಾಡಿಗೆ ಕೋಣೆಯ ಗೋಡೆಯಲ್ಲಿ, ಇರುವೆಗಳಿಂದ:
ಹೋದ ದಾರಿಗೆ ತುಸು ವಾಸನೆ ಬಳಿ, ಹಿಂದಿನವರು ಮೂಸಲಿ.
ಬೆಲ್ಲದ ಭರಣಿ ತೊಳೆದಿಟ್ಟ ಮೂರನೇ ದಿನ
ಸಾಲು ತಾನಾಗಿ ಅಳಿದಿತ್ತು. ಆ ವಾಸನೆ ಆರದೆ ಉಳಿದಿದ್ದರೆ
ಇವತ್ತಿಗೂ ನಡೆಯುತ್ತಿದ್ದವು ಇಲ್ಲದ ಬೆಲ್ಲಕ್ಕೆ.
ಕರೆಂಟು ಬಿಲ್ಲಿನ ಬೆನ್ನಿಗೆ ಅಂದೇ ಬರೆದುಕೊಂಡೆ:
ಮರೆಯುವುದಕ್ಕೂ ಒಂದು ಲೆಕ್ಕ ಇಡಬೇಕು.

ಇನ್ನೊಂದು ಕದ್ದದ್ದು ಕಿನ್ನಿಗೋಳಿಯ ಕಡೆ,
ಮಳೆಗೆ ಮೊದಲ ವಾರ, ಮಿಣುಕುಹುಳ ತುಂಬಿದ ಮರದಡಿ.
ಪಕ್ಕದವ ಮಿನುಗಿದರೆ ನಿನ್ನ ಸರದಿಯನ್ನು
ಒಂದು ಕೂದಲೆಳೆ ಮುಂದೆ ತಳ್ಳು. ಅಷ್ಟೆ.
ತಾಳ ಹಾಕುವವರು ಯಾರೂ ಇಲ್ಲ,
ಆದರೂ ನೋಡನೋಡುತ್ತ ಮರವಿಡೀ ಒಮ್ಮೆಲೇ ರೆಪ್ಪೆ ತೆರೆಯುತ್ತದೆ.

ದೂಜಣ್ಣ ಬೀಡಿ ಹಚ್ಚಿದರು.
"ರಂಪಣಿ ಎಳೆಯುವಾಗ ನಾನು ಹಗ್ಗದ ಕೊನೆಯವ.
ಬಲೆ ಕಾಣುದಿಲ್ಲ, ಮೀನು ಕಾಣುದಿಲ್ಲ, ಮುಂದಿನವನ ಬೆನ್ನು ಮಾತ್ರ.
ಆದರೆ ಹಗ್ಗ ಹೇಳ್ತಿತ್ತು.
ಬಂಗುಡೆಯಾದರೆ ಒಂದು ನಡುಕ, ಬೂತಾಯಿಗೆ ಬೇರೆ,
ಬರೀ ಅಂಬಲಿ ಮೀನು ಬಂದರೆ ಹೆಣದ ಭಾರ."
ಬೂದಿ ಕೊಡವಿದರು.
ನಾನು ಆರು ವರ್ಷ ಓದಿದ್ದೂ ಅದರ ಜೊತೆ ಉದುರಿದ ಹಾಗಾಯಿತು.

ಕತ್ತಲಾಯಿತು. ಮೊದಲು ಬರೀ ಸಂತೆ,
ಒಂದೊಂದಕ್ಕೂ ಅದರದ್ದೇ ಸಮಯ.
ಬಂದರಿನ ಕಡೆಯಿಂದ ಫೆರಿ ಬಂತು, ಅದರ ಅಲೆಗೆ ಚೆದುರಿದವು,
ಮತ್ತೆ ಒಂದನ್ನೊಂದು ಹುಡುಕಿಕೊಂಡವು.
ಎಂಟೂಮುಕ್ಕಾಲಿಗೆ ರಮ್ಲತ್ ನನ್ನ ತೋಳು ಚಿವುಟಿದಳು:
ಹದಿನೆಂಟು ದೀಪ, ಒಟ್ಟಿಗೆ. ಕತ್ತಲು. ಒಟ್ಟಿಗೆ.

ಹದಿನೆಂಟು.
ಏಳನೆಯದು ಇಳಿತದ ಜೊತೆ ಹೋಗಿತ್ತು.
ಉಳಿದವು ಅದರ ಜಾಗಕ್ಕೆ ಸರಿದು ಸಂದು ಮುಚ್ಚಿಕೊಂಡವು.
ನಾವು ಬರೆದದ್ದೇ ಹಾಗೆ.
ಆದರೂ ನನಗೆ ಸಿಟ್ಟು ಬಂತು.

ನಾಲ್ಕನೇ ದಿನ ಧಕ್ಕೆಯಿಂದ ಫೋನು,
ಮೀನು ಮಾರುವ ಲೋಲಾಕ್ಷಿ ಕಾಂಚನ್:
"ನಿಮ್ಮ ನಂಬ್ರ ಇದರ ಹೊಟ್ಟೆಯಲ್ಲಿ ಬರೆದುಂಟು.
ಬಂಗುಡೆಯೊಟ್ಟಿಗೆ ಬಂತು.
ಐಸಿನಲ್ಲಿ ಇಟ್ಟಿದ್ದೇನೆ, ಹಾಳಾಗುದು ಬೇಡ ಅಂತ."

ಹೋದೆ. ತಾಡಪಾಲಿನ ಕೆಳಗೆ ನೀಲಿ ಪೆಟ್ಟಿಗೆ.
ಮುಚ್ಚದ ನೂರು ಮೀನುಗಣ್ಣುಗಳ ನಡುವೆ
ಮಿನುಗುತ್ತಿತ್ತು ಅದು, ಪ್ರತಿ ಮಿನುಗಿನ ನಂತರ ತಡೆದು,
ಉತ್ತರಕ್ಕೆ ಜಾಗ ಬಿಟ್ಟು.
ಆ ತಡೆ ನಾನೇ ಬರೆದದ್ದು,
ಸೆಕೆಂಡಿನ ಹತ್ತರಲ್ಲಿ ಒಂದು ಪಾಲು,
ಕಣ್ಣಿಗೆ ಕಾಣುವಂಥದ್ದಲ್ಲ.
ಅವತ್ತು ಕಂಡಿತು.

ಚೀಲದಲ್ಲಿ ಹನ್ನೆರಡನೆಯದಿತ್ತು. ತೆಗೆದು ಪಕ್ಕಕ್ಕಿಟ್ಟೆ.
ಲೋಲಾಕ್ಷಿ ಮೀನಿನ ಬೆರಳಲ್ಲಿ ಎಣಿಸಿದರು.
ಒಂಬತ್ತನೇ ಮಿನುಗಿಗೆ ಎರಡೂ ಒಂದು.
"ಎಂಥ ಹೇಳಿದ್ದು ಅದು ಇದಕ್ಕೆ?"
ನಾನಿದ್ದೇನೆ ಅಂತ.
"ಅಷ್ಟೆಯಾ?"
ಅಷ್ಟೆ. ಬೇರೆ ಮಾತು ಅವಕ್ಕೆ ಬರುವುದಿಲ್ಲ.

ಡಬ್ಬಿಯನ್ನು ಸೆರಗಲ್ಲಿ ಒರೆಸಿ ಕೊಟ್ಟರು,
ಜೊತೆಗೆ ಪೇಪರಿನಲ್ಲಿ ಸುತ್ತಿ ಆರು ಬಂಗುಡೆ, ದುಡ್ಡು ಬೇಡವೆಂದು.
ಹಂಪನಕಟ್ಟೆ ದಾಟುವವರೆಗೂ ಮಡಿಲ ಚೀಲ
ಹಸಿರಾಗಿ ಉಸಿರಾಡಿತು.
ಕಂಡಕ್ಟರ ಬಗ್ಗಿ ನೋಡಿದ, ಮೀನು ಎಷ್ಟಕ್ಕೆ ಸಿಕ್ಕಿತೆಂದು ಕೇಳಿದ,
ದೀಪದ ಬಗ್ಗೆ ಏನೂ ಕೇಳಲಿಲ್ಲ.